ಕೆಡುಕು ಸೂಚಿಸಿದ ಪ್ರೋಟೀನಿಗೇ ಮದ್ದು

ಸ್ತನ ಕ್ಯಾನ್ಸರ್ ಮುಂದೆ ಹೇಗೆ ವರ್ತಿಸುತ್ತದೆ ಎಂಬುದನ್ನು ಗಡ್ಡೆಯ ಗಾತ್ರವೊಂದೇ ಹೇಳುವುದಿಲ್ಲ. ಅದರ ಜೀವಕೋಶಗಳ ಮೇಲಿರುವ ಪ್ರೋಟೀನೂ ಹೇಳುತ್ತದೆ. ಅಂಥದೊಂದು ಪ್ರೋಟೀನು ಹರ್-2. ಅದನ್ನು ತಯಾರಿಸುವ ವಂಶವಾಹಿಯ ಪ್ರತಿಗಳು ಹೆಚ್ಚಿರುವ ಗಡ್ಡೆಗಳು ಬೇಗ ಮರುಕಳಿಸುತ್ತವೆಂದು ಅಮೆರಿಕದ ಕ್ಯಾನ್ಸರ್ ತಜ್ಞ ಡೆನಿಸ್ ಸ್ಲಾಮನ್ ಮತ್ತು ಸಂಗಡಿಗರು 1987ರಲ್ಲೇ ತೋರಿಸಿದ್ದರು. ಕೆಟ್ಟ ಸುದ್ದಿ ಮೊದಲೇ ತಿಳಿದು ಮಾಡುವುದೇನು ಎಂದು ಯಾರಾದರೂ ಕೇಳಬಹುದು, ಕೇಳಬೇಕಾದ್ದೇ. ಆದರೆ ಆ ಪ್ರೋಟೀನಿಗೇ ಅಂಟಿಕೊಳ್ಳುವ ಟ್ರಾಸ್ಟುಜುಮ್ಯಾಬ್ ಔಷಧಕ್ಕೆ 1998ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕ ಮೇಲೆ ಲೆಕ್ಕವೇ ಬದಲಾಯಿತು.

ಹರ್-2 ಹೆಚ್ಚಿದೆಯೇ ಎಂದು ನೋಡುವ ಪರೀಕ್ಷೆಯೇ ತಪ್ಪಿದರೆ ಎಂಬ ಅಳುಕೂ ಸುಳ್ಳಲ್ಲ. ಬಯಾಪ್ಸಿ ತುಣುಕಿಗೆ ಬಣ್ಣ ಹಾಕಿ ನೋಡಿದಾಗ ಶೇ 10ಕ್ಕಿಂತ ಹೆಚ್ಚು ಕ್ಯಾನ್ಸರ್ ಕೋಶಗಳ ಸುತ್ತ ಗಾಢ ಕಂದು ಅಂಚು ಕಂಡರೆ 3+, ಅಂದರೆ ಪಾಸಿಟಿವ್. 2+ ಬಂದರೆ ಖಚಿತವಿಲ್ಲ. ವಂಶವಾಹಿಯ ಪ್ರತಿಗಳನ್ನೇ ಎಣಿಸುವ ಫಿಶ್ ಪರೀಕ್ಷೆ ಬೇಕು. ಖರ್ಚಾಗುತ್ತದೆ ನಿಜ, ಆದರೆ ಹರ್-2 ಹೆಚ್ಚಿಲ್ಲದವರಿಗೆ ಈ ಮದ್ದು ಕೊಟ್ಟರೆ ಉಪಯೋಗವಾಗದೆ, ಹೃದಯಕ್ಕೆ ತೊಂದರೆಯಾಗುವ ಭಯವಷ್ಟೇ ಉಳಿಯುತ್ತದೆ.