ಕಣ್ಣಿಗೆ ಕಾಣದ ಬರವಣಿಗೆಯೂ ಮುಖ್ಯ

2004ರ ಸುಮಾರಿಗೆ ನಾನು ಸೇವೆಯಲ್ಲಿದ್ದ ಕಚೇರಿಗೊಂದು ಜಾಲತಾಣ ಸಿದ್ಧವಾಯಿತು. ಗುತ್ತಿಗೆ ಪಡೆದ ಸಂಸ್ಥೆಯು ಅದನ್ನು ಅಂದು ಜನಪ್ರಿಯವಾಗಿದ್ದ ದೃಶ್ಯ ಸಂಪಾದಕ ತಂತ್ರಾಂಶದಲ್ಲಿ ರೂಪಿಸಿತ್ತು. ಬಣ್ಣಗಳಿದ್ದವು, ಚಿತ್ರಗಳಿದ್ದವು, ಓಡುವ ಅಕ್ಷರಗಳಿದ್ದವು. ಕಡತದಲ್ಲಿ 'ತೃಪ್ತಿಕರ' ಎಂದು ಷರಾ ಬರೆದು ಬಿಲ್ಲಿಗೆ ಮಂಜೂರಾತಿ ನೀಡಿದವನು ನಾನೇ.

ಕೆಲವು ತಿಂಗಳ ಬಳಿಕ ದೃಷ್ಟಿಹೀನ ಶಿಕ್ಷಕರೊಬ್ಬರು ನನ್ನನ್ನು ಕಾಣಲು ಬಂದರು. ತೆರೆಯ ಮೇಲಿನ ಇಂಗ್ಲಿಷ್ ಪಠ್ಯವನ್ನು ಓದಿ ಹೇಳುವ ತಂತ್ರಾಂಶ ಅವರಲ್ಲಿತ್ತು. 'ಸರ್, ನಿಮ್ಮ ಪ್ರಕಟಣೆಯ ಪುಟದಲ್ಲಿ ನನಗೆ ಕೇಳಿಸುವುದು ಇಮೇಜ್ ಎಂಬ ಒಂದೇ ಮಾತು' ಎಂದರು. ಅರ್ಜಿ ಸಲ್ಲಿಕೆಯ ಪ್ರಕಟಣೆಯನ್ನು ಚಿತ್ರವನ್ನಾಗಿ ಮಾಡಿ ಅಂಟಿಸಲಾಗಿತ್ತು. ಕೊನೆಯ ದಿನಾಂಕ ಕಳೆದುಹೋಗಿತ್ತು. ತಡವಾದ ಅರ್ಜಿಯನ್ನು ಸ್ವೀಕರಿಸಲು ನಿಯಮದಲ್ಲಿ ಅವಕಾಶವಿರಲಿಲ್ಲ. ಅವರು ಮಾತನಾಡದೆ ಎದ್ದು ಹೋದರು.

ಪುಟದ ಹಿಂದಿನ ಎಚ್‌ಟಿಎಂಎಲ್ ಸಂಕೇತದಲ್ಲಿ, ಚಿತ್ರದ ಜೊತೆಗೆ 'ಆಲ್ಟ್' ಎಂಬ ಗುಣಲಕ್ಷಣದಡಿ ಪ್ರಕಟಣೆಯ ಸಾರವನ್ನೂ ಕೊನೆಯ ದಿನಾಂಕವನ್ನೂ ಬರೆದಿದ್ದರೆ ಅವರಿಗೆ ಅದು ಕೇಳಿಸುತ್ತಿತ್ತು. ಪ್ರಕಟಣೆಯನ್ನು ಅಕ್ಷರಗಳಲ್ಲೇ ಹಾಕಿದ್ದರೆ ಇನ್ನೂ ಒಳ್ಳೆಯದಿತ್ತು. ಆದರೆ ಅದನ್ನು ತಿದ್ದಬಲ್ಲವರು ಕಚೇರಿಯಲ್ಲಿ ಒಬ್ಬರೂ ಇರಲಿಲ್ಲ. ಸಂಸ್ಥೆಯ ಗುತ್ತಿಗೆ ಮುಗಿದಿತ್ತು.

ಹಾಗೆಂದು ದೃಶ್ಯ ಸಂಪಾದಕಗಳನ್ನು ಹಳಿಯುವುದು ನನ್ನ ಉದ್ದೇಶವಲ್ಲ. ಟಿಮ್ ಬರ್ನರ್ಸ್-ಲೀ ಅವರು 1990ರಲ್ಲಿ ಸರ್ನ್ ಸಂಸ್ಥೆಯಲ್ಲಿ ರಚಿಸಿದ ಮೊಟ್ಟಮೊದಲ ಬ್ರೌಸರ್ ಸಂಪಾದಕವೂ ಆಗಿತ್ತು. ಬರೆಯುವವನು ಟ್ಯಾಗ್‌ಗಳನ್ನು ನೋಡಬೇಕಾದ ಅಗತ್ಯ ಅದರಲ್ಲಿರಲಿಲ್ಲ. ಮೈಕ್ರೋಸಾಫ್ಟ್ 1996ರಲ್ಲಿ ಕೊಂಡುಕೊಂಡ ಫ್ರಂಟ್‌ಪೇಜ್, ಮ್ಯಾಕ್ರೋಮೀಡಿಯಾ 1997ರಲ್ಲಿ ತಂದ ಡ್ರೀಮ್‌ವೀವರ್ ಇವೆಲ್ಲ ಸಂಕೇತ ಬಾರದವರಿಗೂ ಅಂತರ್ಜಾಲದ ಬಾಗಿಲು ತೆರೆದವು. ಇದು ಸಣ್ಣ ಉಪಕಾರವಲ್ಲ.

ಆದರೆ ಅದಕ್ಕೆ ತೆತ್ತ ಬೆಲೆಯೂ ಸಣ್ಣದಲ್ಲ. ಪುಟ ಅಂದವಾಗಿ ಕಾಣಲೆಂದು ಕೋಷ್ಟಕದೊಳಗೆ ಕೋಷ್ಟಕ ತುಂಬುವುದು, ಒಂದೇ ಅಕ್ಷರವಿನ್ಯಾಸದ ಟ್ಯಾಗನ್ನು ಮತ್ತೆ ಮತ್ತೆ ಸೇರಿಸುವುದು ಅಂದಿನ ತಂತ್ರಾಂಶಗಳ ಅಭ್ಯಾಸವಾಗಿತ್ತು. ಫ್ರಂಟ್‌ಪೇಜ್‌ನ ಕೆಲವು ಸೌಲಭ್ಯಗಳು ಅದರದೇ ವಿಸ್ತರಣೆಗಳಿರುವ ಸರ್ವರ್‌ನಲ್ಲಿ ಮಾತ್ರ ನಡೆಯುತ್ತಿದ್ದವು. 2006ರಲ್ಲಿ ಮೈಕ್ರೋಸಾಫ್ಟ್ ಅದನ್ನು ಕೈಬಿಟ್ಟಾಗ ಅದನ್ನೇ ನಂಬಿದವರು ಹೊಸ ದಾರಿ ಹುಡುಕಬೇಕಾಯಿತು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿದ್ದ ನನಗೆ ಇಲ್ಲಿ ಜಾರ್ಜ್ ಅಕರ್‌ಲಾಫ್ ನೆನಪಾಗುತ್ತಾರೆ. ಹಳೆಯ ಕಾರಿನ ದೋಷ ಮಾರುವವನಿಗೆ ಗೊತ್ತು, ಕೊಳ್ಳುವವನಿಗೆ ಗೊತ್ತಿಲ್ಲ. ಇಂಥ ಪೇಟೆಯಲ್ಲಿ ಕಳಪೆ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಅವರು 1970ರಲ್ಲಿ ವಾದಿಸಿದರು. ಜಾಲತಾಣ ಕೊಳ್ಳುವ ಸರ್ಕಾರಿ ಅಧಿಕಾರಿಯದೂ ಇದೇ ಸ್ಥಿತಿ. ಮೇಲೆ ಥಳಕು, ಒಳಗೆ ಹುಳುಕು ಇದ್ದರೂ ಅವನು ನೋಡುವುದು ಥಳಕನ್ನು ಮಾತ್ರ.

ಆ ಘಟನೆಯ ನಂತರ ನಾನು ಸಂಜೆಗಳಲ್ಲಿ ಕುಳಿತು ನೋಟ್‌ಪ್ಯಾಡಿನಲ್ಲಿ ಎಚ್‌ಟಿಎಂಎಲ್ ಬರೆಯಲು ಕಲಿತೆ. ಶೀರ್ಷಿಕೆಗೊಂದು ಟ್ಯಾಗ್, ಕಂಡಿಕೆಗೊಂದು, ಪಟ್ಟಿಗೊಂದು. ಪುಟದ ಭಾಷೆ ಕನ್ನಡವೆಂದು ತಿಳಿಸಲು 'ಕೆಎನ್' ಎಂಬ ಎರಡಕ್ಷರ. ಚೆನ್ನಾಗಿ ಬರೆದ ಕಡತದ ಟಿಪ್ಪಣಿಯಂತೆ ಎಲ್ಲಕ್ಕೂ ಅದರದರ ಸ್ಥಾನ. ಕೈಯಿಂದ ಬರೆಯುವಾಗ ಮನುಷ್ಯ 'ಇದು ಹೇಗೆ ಕಾಣುತ್ತದೆ' ಎನ್ನುವುದಕ್ಕಿಂತ 'ಇದು ಏನು' ಎಂದು ಮೊದಲು ಯೋಚಿಸಬೇಕಾಗುತ್ತದೆ. ಆದರೆ ನೂರಾರು ಪುಟಗಳನ್ನು ಹೀಗೆ ನಿಭಾಯಿಸಲಾಗದು. ಬಲ್ಲವರು ವರ್ಗವಾಗಿ ಹೋದರೆ ಕೆಲಸ ನಿಂತುಹೋಗುತ್ತದೆ. ಆದ್ದರಿಂದ ಉಪಕರಣ ಬೇಕು; ಅದು ಬರೆದುದನ್ನು ಓದಬಲ್ಲ ಕಣ್ಣೂ ಬೇಕು.

ಪುಟಗಳು ಎಲ್ಲರಿಗೂ ಎಟುಕುವಂತಿರಬೇಕೆಂಬ ಅಂತರರಾಷ್ಟ್ರೀಯ ಮಾರ್ಗಸೂಚಿ 1999ರಲ್ಲೇ ಬಂದಿತ್ತು. ಭಾರತ ಸರ್ಕಾರದ ಜಾಲತಾಣಗಳಿಗೆ 2009ರಲ್ಲಿ ಮಾರ್ಗಸೂಚಿ ಬಂತು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅದಕ್ಕೆ ಕಾನೂನಿನ ಬಲ ನೀಡಿತು. ಹೀಗಿದ್ದೂ ಸ್ಕ್ಯಾನ್ ಮಾಡಿದ ಸುತ್ತೋಲೆಯನ್ನು ಚಿತ್ರವಾಗಿಯೇ ಏರಿಸುವ ರೂಢಿ ಸಂಪೂರ್ಣ ಅಳಿದಿಲ್ಲ.

ಇಂದು ಕೃತಕ ಬುದ್ಧಿಮತ್ತೆಗೆ ನಾಲ್ಕು ಮಾತು ಹೇಳಿದರೆ ಇಡೀ ಪುಟವನ್ನೇ ಬರೆದುಕೊಡುತ್ತದೆ. ಉಪಕರಣ ಬದಲಾಗಿದೆ, ಪ್ರಶ್ನೆ ಬದಲಾಗಿಲ್ಲ: ಅದನ್ನು ಪರಿಶೀಲಿಸುವವರು ಯಾರು? ಪ್ರತಿ ಇಲಾಖೆಯಲ್ಲೂ ಸಂಕೇತ ಓದಬಲ್ಲ ಸಿಬ್ಬಂದಿ ಒಬ್ಬರಾದರೂ ಇರಲಿ. ಮೂಲ ಸಂಕೇತ ಇಲಾಖೆಯ ಸ್ವತ್ತೆಂದು ಕರಾರಿನಲ್ಲೇ ಬರೆಯಲಿ. ಬಿಲ್ಲು ಪಾವತಿಸುವ ಮುನ್ನ ದೃಷ್ಟಿಹೀನರೊಬ್ಬರಿಂದ ಪುಟವನ್ನು ಪರೀಕ್ಷಿಸಲಿ. ಇದಕ್ಕೆ ತಗಲುವ ವೆಚ್ಚ ಅಲ್ಪ.

ನಿವೃತ್ತನಾಗಿ ವರ್ಷಗಳೇ ಕಳೆದಿವೆ. ನಾನು ಬರೆದ ಸಾವಿರಾರು ಷರಾಗಳಲ್ಲಿ ಹೆಚ್ಚಿನವು ಮರೆತುಹೋಗಿವೆ. ಆ 'ತೃಪ್ತಿಕರ' ಮಾತ್ರ ಮರೆತಿಲ್ಲ.