ಅಂಗನವಾಡಿ ಬಿಟ್ಟ ಮೇಲೆ

ಮಧ್ಯಾಹ್ನ ಈ ಮಗುವನ್ನು ಮನೆಗೆ ಕರಕೊಂಡು ಹೋಗುವವರು ಯಾರು?

ಧಾರಾವಿ, ಗೋವಂಡಿ, ಮಾನ್‌ಖುರ್ದ್, ಯಾವ ಕಡೆಯ ಅಂಗನವಾಡಿಗೆ ಹೋದರೂ ನಾನು ಮೊದಲು ಕೇಳುವುದು ಇದನ್ನೇ. ಮುಂಬಯಿ ಮಹಾನಗರಪಾಲಿಕೆಯ ಕನ್ನಡ ಶಾಲೆಯಲ್ಲಿ ಪಾಠ ಹೇಳಿ ನಿವೃತ್ತಳಾದವಳು ನಾನು. ಈಗ ನಾಕಾ ಕೂಲಿಗೆ, ಅಂದರೆ ಬೀದಿ ಕೂಡುವಲ್ಲಿ ನಿಂತು ಹಿಡಿಯುವ ದಿನಗೂಲಿಗೆ, ಬಂದ ಕಲಬುರಗಿ, ಯಾದಗಿರಿ ಕಡೆಯ ಸಂಸಾರಗಳ ಜೊತೆ ಕಚೇರಿ, ಆಸ್ಪತ್ರೆ ಅಂತ ಓಡಾಡುತ್ತೇನೆ. ಹೋದಲ್ಲೆಲ್ಲ ಒಂದು ನೋಟ್‌ಬುಕ್ ಕೈಯಲ್ಲಿರುತ್ತದೆ. ಯಾವ ಸೇವೆ ಎಲ್ಲಿದೆ, ಎಷ್ಟು ಹೊತ್ತು ತೆರೆದಿರುತ್ತದೆ, ಅಲ್ಲಿಗೆ ಹೋದರೆ ಒಂದು ದಿನದ ಪಗಾರ ಹೋಗುತ್ತದೋ ಉಳಿಯುತ್ತದೋ, ಎಲ್ಲ ಅದರಲ್ಲಿ ಬರೆದಿಟ್ಟಿದ್ದೇನೆ.

ಎರಡು ವರ್ಷದ ಹಿಂದೆ ಮಾನ್‌ಖುರ್ದ್‌ನ ಒಂದು ಅಂಗನವಾಡಿಯಲ್ಲಿ ಕೂತಿದ್ದೆ. ಸೇವಿಕಾ ತಾಈ, ಅಂದರೆ ಅಲ್ಲಿನ ಕಾರ್ಯಕರ್ತೆ, ಮೂರು ವರ್ಷದ ಹುಡುಗನೊಬ್ಬನ ಎಡತೋಳಿಗೆ ಅಳತೆಪಟ್ಟಿ ಸುತ್ತಿದಳು. ಕಾಗದದಷ್ಟು ತೆಳ್ಳಗಿನ ಪಟ್ಟಿ, ಅದರ ಮೇಲೆ ಕೆಂಪು, ಹಳದಿ, ಹಸಿರು. ತೋಳಿನ ಸುತ್ತಳತೆ 11.5 ಸೆಂಟಿಮೀಟರಿಗಿಂತ ಕಮ್ಮಿ ಬಂದರೆ ಕೆಂಪು, ಅಂದರೆ ತೀವ್ರ ಅಪೌಷ್ಟಿಕತೆ. 12.5 ದಾಟಿದರೆ ಹಸಿರು. ಹುಡುಗನದು ಹಳದಿಯಲ್ಲಿ, ಕೆಂಪಿಗೆ ಒಂದೆರಡು ಗೆರೆ ಈಚೆಗೆ ನಿಂತಿತು. ತಾಈ ತೂಕವನ್ನೂ ನೋಡಿ ಬರೆದುಕೊಂಡಳು, ಬಿಸಿ ಖಿಚಡಿ ಬಡಿಸಿದಳು. ಅವಳ ಕೆಲಸದಲ್ಲಿ ಲೋಪವೇ ಇರಲಿಲ್ಲ. ಪುಸ್ತಕ ತೆರೆದು ನೋಡಿದ ಯಾರೇ ಆದರೂ ಈ ಕೇಂದ್ರ ಚೆನ್ನಾಗಿ ನಡೆಯುತ್ತಿದೆ ಅಂತಲೇ ಬರೆಯುತ್ತಿದ್ದರು.

ಮಧ್ಯಾಹ್ನ ಅವನನ್ನು ಕರಕೊಂಡು ಹೋಗಲು ಬಂದವಳು ಅವನ ಅಕ್ಕ. ಒಂಬತ್ತು ವರ್ಷ. ತಮ್ಮನನ್ನು ಸೊಂಟಕ್ಕೆ ಏರಿಸಿಕೊಂಡಾಗ ಅವಳ ಮೈ ಒಂದು ಬದಿಗೆ ವಾಲಿತು.

"ಸಾಲಿಗಿ ಹೋಗೂದಿಲ್ಲೇನವ್ವ?" ಅಂದೆ.

"ಇವನ್ನ ಯಾರ್ ನೋಡ್ತಾರ್ರಿ ಅಕ್ಕೋರ?"

ಅಪ್ಪ ಕಟ್ಟಡದ ಕೆಲಸದಲ್ಲಿ ಬಿದ್ದು ತೀರಿಕೊಂಡಿದ್ದ. ಅವ್ವ ಬೆಳಿಗ್ಗೆ ಎಂಟಕ್ಕೆ ನಾಕಾದಲ್ಲಿ ನಿಂತರೆ ಮನೆ ಮುಟ್ಟುವುದು ಸಂಜೆ ಏಳಕ್ಕೆ. ಅಂಗನವಾಡಿ ಮುಚ್ಚಿದಾಗಿನಿಂದ ಅಲ್ಲಿಯವರೆಗೆ ಆ ಮನೆಯ ಸೇವಿಕಾ, ಆಯಾ, ಅಡುಗೆಯವಳು ಎಲ್ಲ ಈ ಹುಡುಗಿಯೇ. ಬೆಳಿಗ್ಗೆಯ ಅನ್ನ ಮುಗಿದರೆ ಐದು ರೂಪಾಯಿಯ ತಿಂಡಿ ಪ್ಯಾಕೆಟ್. ತಮ್ಮನ ತೋಳು ಹಳದಿಯಿಂದ ಮೇಲೇಳದ್ದಕ್ಕೂ ಅಕ್ಕನ ಹೆಸರು ಹಾಜರಿಯಿಂದ ಬಿಟ್ಟುಹೋದದ್ದಕ್ಕೂ ಕಾರಣ ಒಂದೇ. ಆದರೆ ಒಂದು ಅಂಗನವಾಡಿಯ ಪುಸ್ತಕದಲ್ಲಿದೆ, ಇನ್ನೊಂದು ಶಾಲೆಯ ಪುಸ್ತಕದಲ್ಲಿ. ಎರಡನ್ನೂ ಒಟ್ಟಿಗೆ ಇಟ್ಟು ಓದುವವರು ಬೇಕು. ಬಡ ಮಕ್ಕಳ ಸೇವೆಯನ್ನು ತೂಗಿ ನೋಡುವುದು ಅಂದರೆ ನನ್ನ ಮಟ್ಟಿಗೆ ಇದೇ: ಆ ತಾಯಿಯ ಗಡಿಯಾರವನ್ನು ಮುಂದಿಟ್ಟುಕೊಂಡು ಲೆಕ್ಕ ಹಾಕುವುದು.

ಈ ಲೆಕ್ಕ ಮುಂಬಯಿಗೆ ಹೊಸದೇನೂ ಅಲ್ಲ. ನನ್ನ ತಂದೆ ಕುಂದಾಪುರ ಕಡೆಯಿಂದ ಬಂದು ಕೋಟೆ ಪ್ರದೇಶದ ಹೋಟೆಲಿನಲ್ಲಿ ಮಾಣಿಯಾಗಿದ್ದವರು. ಹಗಲೆಲ್ಲ ತಟ್ಟೆ ಲೋಟ, ರಾತ್ರಿ ಕನ್ನಡ ಶಾಲೆ. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿಯಂಥ ತುಳುನಾಡಿನವರ ಸಂಘಗಳು ನಡೆಸಿದ ರಾತ್ರಿ ಶಾಲೆಗಳಲ್ಲಿ ಕಲಿತ ಹೋಟೆಲ್ ಹುಡುಗರು ಎಷ್ಟೋ ಮಂದಿ. ಹುಡುಗ ಬಿಡುವಾಗುವ ಹೊತ್ತಿಗೆ ಶಾಲೆಯ ಬಾಗಿಲು ತೆರೆಯಬೇಕು ಅಂತ ಆ ಸಂಘದವರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಅವರೂ ಹಾಗೆಯೇ ಊರು ಬಿಟ್ಟು ಬಂದವರು. 1988ರಲ್ಲಿ ಪ್ರೀತಿ ಪಾಟ್ಕರ್ ಅವರ 'ಪ್ರೇರಣಾ' ಸಂಸ್ಥೆ ಕಾಮಾಠಿಪುರದಲ್ಲಿ ಲೈಂಗಿಕ ವೃತ್ತಿಯಲ್ಲಿರುವ ತಾಯಂದಿರ ಮಕ್ಕಳಿಗಾಗಿ ರಾತ್ರಿ ಆಶ್ರಯ ಕೇಂದ್ರ ತೆರೆದದ್ದೂ ಇದೇ ತಿಳಿವಳಿಕೆಯಿಂದ. ಆ ತಾಯಂದಿರ ದುಡಿಮೆ ರಾತ್ರಿಯದು, ಮಕ್ಕಳಿಗೆ ಅಪಾಯವೂ ರಾತ್ರಿಯದೇ. ಕಟ್ಟಡ ಏಳುವ ಜಾಗದಲ್ಲೇ ದಿನವಿಡೀ ಮಕ್ಕಳನ್ನು ನೋಡಿಕೊಳ್ಳುವ ಮೊಬೈಲ್ ಕ್ರೆಶ್ ಕೂಡ ಈ ಊರಲ್ಲಿದೆ. ಆದರೆ ಅದು ದೊಡ್ಡ ಕಟ್ಟಡಗಳ ಅಂಗಳದಲ್ಲಿ. ನಾಕಾದಲ್ಲಿ ನಿಂತು ದಿನಕ್ಕೊಂದು ಕಡೆ ಹೋಗುವವಳಿಗೆ ಎಟುಕುವುದಿಲ್ಲ.

ದುಡ್ಡಿನ ಸಹಾಯದ ದಾರಿ ಬೇರೆ. ತಂದೆಯನ್ನೋ ತಾಯಿಯನ್ನೋ ಕಳಕೊಂಡ ಮಕ್ಕಳಿಗೆ ಮಹಾರಾಷ್ಟ್ರ ಸರಕಾರದ ಬಾಲಸಂಗೋಪನ ಯೋಜನೆಯಿದೆ, ಮಗುವೊಂದಕ್ಕೆ ತಿಂಗಳಿಗೆ 2,250 ರೂಪಾಯಿ. ಮಗುವನ್ನು ಅನಾಥಾಲಯಕ್ಕೆ ಸೇರಿಸದೆ ಮನೆಯಲ್ಲೇ ಬೆಳೆಸಲಿ ಎಂಬುದು ಅದರ ಉದ್ದೇಶ. ಇಂಥ ಒಳ್ಳೆಯ ಯೋಜನೆಯ ಸುದ್ದಿಯೇ ಮಾನ್‌ಖುರ್ದ್‌ನ ಆ ತಾಯಿಗೆ ಮುಟ್ಟಿರಲಿಲ್ಲ. ಅರ್ಜಿಗೆ ಗಂಡನ ಮರಣಪತ್ರ ಬೇಕು. ಮಣ್ಣು ಮಾಡಿದ್ದು ಊರಲ್ಲಿ ಅಂತ ಆಕೆ ಆ ಪತ್ರ ಹುಡುಕಿಕೊಂಡು ಈ ಮೊದಲೇ ಎರಡು ಸಲ ಯಾದಗಿರಿಗೆ ಹೋಗಿ ಪಂಚಾಯಿತಿಯಲ್ಲಿ ಕೇಳಿ ಬರಿಗೈಲಿ ಬಂದಿದ್ದಳು. ಮರಣ ದಾಖಲಾಗುವುದು ಪ್ರಾಣ ಹೋದ ಜಾಗದಲ್ಲಿ. ಕಾಗದ ಇಲ್ಲೇ ಪಾಲಿಕೆಯ ವಾರ್ಡಿನಲ್ಲಿತ್ತು. ಈ ಒಂದು ಮಾತು ಹೇಳುವವರಿಲ್ಲದೆ ಹೋದ ಕೂಲಿ ಹನ್ನೊಂದು ದಿನದ್ದು.

ಅರ್ಜಿ ಯಾವ ಕಚೇರಿಗೆ ಅನ್ನುವಲ್ಲಿ ಮತ್ತೆ ಜಿಲ್ಲೆಯ ಗೊಂದಲ. ಮುಂಬಯಿ ನಮಗೆ ಒಂದೇ ಊರು, ಸರಕಾರಕ್ಕೆ ಎರಡು ಜಿಲ್ಲೆ. ಮಾಹಿಮ್, ಸಾಯನ್ ತನಕ ನಗರ ಜಿಲ್ಲೆ. ಬಾಂದ್ರಾ, ಕುರ್ಲಾದಿಂದ ಆಚೆ ಉಪನಗರ. ಎರಡಕ್ಕೂ ಬೇರೆ ಬೇರೆ ಮಕ್ಕಳ ಕಲ್ಯಾಣ ಸಮಿತಿ, ನಗರದ್ದು ಡೋಂಗ್ರಿಯಲ್ಲಿ, ಉಪನಗರದ್ದು ಮಾನ್‌ಖುರ್ದ್‌ನಲ್ಲಿ. ಬಾಡಿಗೆ ಏರಿತು ಅಂತ ಧಾರಾವಿ ಬಿಟ್ಟು ಕುರ್ಲಾ ಸೇರಿದರೆ ನಡುವೆ ದೂರ ಹೆಚ್ಚಿಲ್ಲ. ಕಾಗದಪತ್ರಕ್ಕೆ ಮಾತ್ರ ಅದು ಬೇರೆ ಸೀಮೆ. ಪದೇಪದೇ ಮನೆ ಬದಲಿಸುವವರು ಬಡವರೇ ಅಲ್ಲವೆ?

ಆಪತ್ತಿನಲ್ಲಿರುವ ಮಕ್ಕಳಿಗಾಗಿ ಇರುವ 1098 ಎಂಬ ಸಹಾಯವಾಣಿ ನಂಬರು ಹುಟ್ಟಿದ್ದೂ ಇದೇ ಮುಂಬಯಿಯಲ್ಲಿ, 1996ರಲ್ಲಿ, ಟಾಟಾ ಸಮಾಜ ವಿಜ್ಞಾನ ಸಂಸ್ಥೆಯ ಆಶ್ರಯದಲ್ಲಿ ಜೆರೂ ಬಿಲಿಮೋರಿಯಾ ಅವರ ಪ್ರಯತ್ನದಿಂದ. 'ದಸ್ ನೌ ಆಠ್' ಅಂತ ರೈಲ್ವೆ ಪ್ಲಾಟ್‌ಫಾರ್ಮಿನ ಮಕ್ಕಳಿಗೂ ಬಾಯಿಪಾಠ. ಅದಕ್ಕೆ ಹಗಲು ರಾತ್ರಿಯ ಭೇದವಿಲ್ಲ, ಕೂಲಿ ತಪ್ಪಿಸಿ ಹೋಗಬೇಕಾಗಿಲ್ಲ. ನನ್ನ ನೋಟ್‌ಬುಕ್ಕಿನ ಒಳರಟ್ಟಿನ ಮೇಲೆ ದೊಡ್ಡ ಅಂಕಿಗಳಲ್ಲಿ ಬರೆದಿರುವುದು ಅದೊಂದೇ ನಂಬರು.

ಮಾನ್‌ಖುರ್ದ್‌ನ ಆ ಮನೆಗೆ ಬಾಲಸಂಗೋಪನದ ದುಡ್ಡು ಬಂದದ್ದು ಅರ್ಜಿ ಕೊಟ್ಟು ಬಹಳ ತಿಂಗಳಾದ ಮೇಲೆ. ಮಕ್ಕಳಿಗೆ ಹಾಲು, ಮೊಟ್ಟೆಗೆ ಖರ್ಚಾಗುತ್ತದೆ ಅಂತ ನಾನು ಅಂದುಕೊಂಡಿದ್ದೆ. ಆಕೆ ಮಾಡಿದ್ದೇ ಬೇರೆ.

"ಬಾಜೂ ಖೋಲಿ ಆಯಿಗೆ ತಿಂಗಳಾ ಸಾವಿರ ಕೊಡಾಕತ್ತೀನ್ರಿ ಅಕ್ಕೋರ. ಮಧ್ಯಾಹ್ನದಿಂದ ಸಂಜೀತನ ಕೂಸಿನ್ನ ಅಕಿ ನೋಡ್ತಾಳ. ಮಗಳು ಸಾಲಿಗಿ ಹೊಂಟಾಳ."

ಆ ಆಯಿ ಸಾತಾರಾ ಕಡೆಯ ಮರಾಠಿ ಮುದುಕಿ. ಹುಡುಗನಿಗೆ ಭಾಕರಿಯನ್ನು ಹಾಲಿನಲ್ಲಿ ಕಲಸಿ ತಿನಿಸುತ್ತಿದ್ದಳು, ನಾನು ಹೋದಾಗ. ಬಾಗಿಲಲ್ಲೇ ನಿಂತು ಅವಳ ಹೆಸರು ಕೇಳಿದೆ. ನೋಟ್‌ಬುಕ್ ತೆಗೆದು, ಅಂಗನವಾಡಿ ಮತ್ತು ಆಸ್ಪತ್ರೆಯ ಕೆಳಗೆ, 'ತೆರೆದಿರುವ ಹೊತ್ತು: ಮಧ್ಯಾಹ್ನದಿಂದ ಸಂಜೆ ಏಳು' ಅಂತ ಬರೆದುಕೊಂಡೆ.