ಹಳೆಯ ಮೋಟಾರಿನ ಮೂಲಲಕ್ಷಣ

ಜೇವರ್ಗಿಯಿಂದ ಹೊರಟು, ತಿಂಥಣಿಯ ಸೇತುವೆಯ ಮೇಲೆ ಕೃಷ್ಣೆಯನ್ನು ದಾಟಿ, ಲಿಂಗಸುಗೂರು, ಮಸ್ಕಿ, ಸಿಂಧನೂರುಗಳ ಮೂಲಕ ಬಳ್ಳಾರಿಯತ್ತ ಸಾಗುವ 150ಎ ರಾಷ್ಟ್ರೀಯ ಹೆದ್ದಾರಿಯಲ್ಲಿ ಸಂಚರಿಸುವವರಿಗೆ ಕಾಣುವುದು ಬಹುಮಟ್ಟಿಗೆ ಭತ್ತದ ಲಾರಿ, ಟ್ರಾಕ್ಟರು, ಸಾರಿಗೆ ಸಂಸ್ಥೆಯ ಬಸ್ಸು ಇವುಗಳೇ. ಆದರೆ ಹೆದ್ದಾರಿಯನ್ನು ಬಿಟ್ಟು ಊರೊಳಕ್ಕೆ ಹೊಕ್ಕು, ಗ್ಯಾರೇಜುಗಳ ಹಿತ್ತಲನ್ನೂ ಹಳೆಯ ವಾಡೆಗಳ ಹೆಬ್ಬಾಗಿಲಿನ ಒಳಬದಿಯನ್ನೂ ನೋಡುವ ವ್ಯವಧಾನವುಳ್ಳವರಿಗೆ, ತಾಡಪತ್ರಿ ಹೊದ್ದು ನಿಂತ ಜೀಪೊಂದೋ, ಗಾಲಿ ಕಳಚಿ ಇಟ್ಟಿಗೆಯ ಮೇಲೆ ಕುಳಿತ ಅಂಬಾಸಿಡರೊಂದೋ ಗೋಚರವಾಗದೆ ಇರದು. ಅಂಥ ವಾಹನದ ಬಳಿಗೆ ವಯಸ್ಸಾದ ಮಿಸ್ತ್ರಿಯೊಬ್ಬನನ್ನು ಕರೆದೊಯ್ದರೆ, ಆತ ಇಂಜಿನ್ನಿನ ಸದ್ದನ್ನು ಕೇಳುವ ಮೊದಲೇ ಬಾಗಿಲಿನ ಹಿಡಿಯನ್ನು ತಿರುವಿ, ದೀಪದ ಬಳೆಯನ್ನು ಉಗುರಿನಿಂದ ತಟ್ಟಿ, "ಇದು ಕಂಪನಿ ಮಾಲು, ಅದು ಆಮ್ಯಾಲೆ ಹಾಕಿದ್ದು" ಎಂದು ಎರಡೇ ಮಾತಿನಲ್ಲಿ ತೀರ್ಪು ಕೊಟ್ಟುಬಿಡುತ್ತಾನೆ. ಆ ತೀರ್ಪಿನ ಹಿಂದಿರುವ ವಿದ್ಯೆಯನ್ನು ವಾಚಕರಿಗೆ ಪರಿಚಯ ಮಾಡಿಕೊಡುವುದು ಈ ಲೇಖನದ ಉದ್ದೇಶ.

ವಾಹನವು ಕಾರ್ಖಾನೆಯಿಂದ ಹೊರಬಿದ್ದ ದಿನ ಅದರ ಮೈಮೇಲಿದ್ದ ಜಾಲರಿ, ಬಂಪರು, ಲಾಂಛನ, ದೀಪ, ಮೀಟರು, ಆಸನದ ಹೊದಿಕೆ, ಬಣ್ಣ, ಕಡೆಗೆ ಒಂದೊಂದು ತಿರುಪು ಮೊಳೆ, ಇವೆಲ್ಲವೂ ಅದರ ಸಹಜ ಲಕ್ಷಣಗಳು. ಅನಂತರ ಒಡೆಯರ ಅಭಿರುಚಿಯಿಂದಲೋ, ರಸ್ತೆಯ ಅವಘಡದಿಂದಲೋ, ಬಿಡಿಭಾಗಗಳ ಅಭಾವದಿಂದಲೋ ಬಂದು ಸೇರಿದುವೆಲ್ಲ ಆಗಂತುಕ ಲಕ್ಷಣಗಳು. ಇವೆರಡನ್ನು ಪ್ರತ್ಯೇಕಿಸಿ ತಿಳಿಯದೆ ಹಳೆಯ ವಾಹನವನ್ನು ಪೇಂಟರನ ಕೈಗೆ ಒಪ್ಪಿಸುವುದು, ನನ್ನ ದೃಢವಾದ ಅಭಿಪ್ರಾಯದಲ್ಲಿ, ಅದನ್ನು ಅರ್ಧ ಕಳೆದುಕೊಂಡಂತೆಯೇ ಸರಿ. ಇಂದು ಮಾಡಿಸಿದ ಹೊಳೆಯುವ ಬಂಪರು ಇಂದಿನ ಕೆಲಸಗಾರನ ಕುಶಲತೆಯನ್ನು ಮಾತ್ರ ಹೇಳಬಲ್ಲುದು. ಅಲ್ಲಲ್ಲಿ ತುಕ್ಕು ಹಿಡಿದ ಮೂಲದ ಬಂಪರಾದರೋ ತನ್ನನ್ನು ರೂಪಿಸಿದ ಕಾಲಕ್ಕೆ, ಕಾರ್ಖಾನೆಗೆ, ಅಲ್ಲಿನ ಲೋಹಕ್ಕೆ ಸಾಕ್ಷಿ ನುಡಿಯುತ್ತದೆ.

ನಮ್ಮ ಸೀಮೆಯಲ್ಲಿ ಈ ವಿದ್ಯೆಯ ಅಭ್ಯಾಸಕ್ಕೆ ಜೀಪಿಗಿಂತ ಉತ್ತಮವಾದ ಪಠ್ಯವಿಲ್ಲ. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1941ರಿಂದ 1945ರವರೆಗೆ, ವಿಲ್ಲೀಸ್ ಮತ್ತು ಫೋರ್ಡ್ ಎಂಬ ಎರಡು ಅಮೆರಿಕನ್ ಕಂಪನಿಗಳು ಒಂದೇ ನಕ್ಷೆಯನ್ನನುಸರಿಸಿ ಆರು ಲಕ್ಷಕ್ಕೂ ಮಿಕ್ಕಿ ಜೀಪುಗಳನ್ನು ನಿರ್ಮಿಸಿದುವು. ಯುದ್ಧಾನಂತರ ಸೈನ್ಯವು ವಿಲೇವಾರಿ ಮಾಡಿದವುಗಳಲ್ಲಿ ಅನೇಕವು ಭಾರತದ ನಾಗರಿಕರ ಕೈಸೇರಿದುವು. 1949ರಲ್ಲಿ ಮಹೀಂದ್ರ ಸಂಸ್ಥೆಯವರು ವಿಲ್ಲೀಸಿನ ಬಿಡಿಭಾಗಗಳನ್ನು ತರಿಸಿ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸತೊಡಗಿದರು. 1953ರಲ್ಲಿ ತುಂಗಭದ್ರೆಯ ಅಣೆಕಟ್ಟು ಮುಗಿದು, ಎಡದಂಡೆ ಕಾಲುವೆಯ ನೀರು ಸಿಂಧನೂರಿನ ಎರೆಭೂಮಿಗೆ ಹರಿದು, ಜೋಳದ ಸೀಮೆ ಭತ್ತದ ಸೀಮೆಯಾಗಿ ಮಾರ್ಪಟ್ಟಾಗ, ಮಳೆಗಾಲದ ಎರೆಕೆಸರಿನಲ್ಲಿ ನಾಲ್ಕು ಗಾಲಿಗಳಿಗೂ ಬಲವನ್ನೊದಗಿಸುವ ಈ ವಾಹನಕ್ಕೆ ಸಮನಾದುದು ಬೇರೊಂದಿರಲಿಲ್ಲ.

ಪರೀಕ್ಷೆಯನ್ನು ಮುಂಭಾಗದ ಜಾಲರಿಯಿಂದಲೇ ಆರಂಭಿಸಬಹುದು. ವಿಲ್ಲೀಸಿನ ಮೊಟ್ಟಮೊದಲ ಯುದ್ಧಜೀಪುಗಳ ಜಾಲರಿ ಕಬ್ಬಿಣದ ಪಟ್ಟಿಗಳನ್ನು ಬೆಸೆದು ಮಾಡಿದುದು. ಫೋರ್ಡಿನವರು ಒಂದೇ ತಗಡನ್ನು ಅಚ್ಚಿನಲ್ಲೊತ್ತಿ ಒಂಬತ್ತು ಸೀಳುಗಳ ಜಾಲರಿಯನ್ನು ರೂಪಿಸಿದರು. ಅದು ಹಗುರವೂ ಅಗ್ಗವೂ ಆಗಿದ್ದುದರಿಂದ 1942ರಲ್ಲಿ ವಿಲ್ಲೀಸಿನವರೂ ಅದನ್ನೇ ಅಂಗೀಕರಿಸಿದರು. ಯುದ್ಧ ಮುಗಿದ ಮೇಲೆ ನಾಗರಿಕರಿಗೆಂದು ಬಂದ ಸಿಜೆ-2ಎ ಜೀಪಿಗೆ ದೊಡ್ಡ ದೀಪಗಳನ್ನಿಟ್ಟರು, ಸೀಳುಗಳು ಏಳಕ್ಕಿಳಿದುವು. ಹಿಂಬದಿಗೆ ಇಳಿಬಾಗಿಲು ಬಂದಿತು. ಯುದ್ಧಜೀಪಿನಲ್ಲಿ ಚಾಲಕನ ಆಸನವನ್ನೆತ್ತಿ ಪೆಟ್ರೋಲು ತುಂಬಬೇಕಾಗಿದ್ದ ಟ್ಯಾಂಕಿನ ಬಾಯಿ ಹೊರಮೈಗೆ ಸರಿಯಿತು. 1949ರ ಸಿಜೆ-3ಎಯಲ್ಲಿ ಎದುರುಗಾಜು ಒಂದೇ ಹಲಗೆಯದಾಯಿತು. 1953ರ ಸಿಜೆ-3ಬಿಯಲ್ಲಿ ಎತ್ತರವಾದ ಹರಿಕೇನ್ ಇಂಜಿನ್ನಿಗೆ ಎಡೆಮಾಡಿಕೊಡಲೆಂದು ಬಾನೆಟ್ಟೇ ಮೇಲೆದ್ದಿತು. ನಮ್ಮ ಜನ ಮಹೀಂದ್ರ ಜೀಪೆಂದು ಬಹುಕಾಲ ಕಂಡ ಮುಖ ಈ ಕಡೆಯದರದು. ಆದುದರಿಂದ ಒಂಬತ್ತು ಸೀಳಿನ ಜಾಲರಿ ಎತ್ತರದ ಬಾನೆಟ್ಟಿನೊಡನೆ ಕೂಡಿದ್ದರೆ, ಅಥವಾ ಯುದ್ಧಕಾಲದ್ದೆಂದು ಮಾರಾಟಕ್ಕಿಟ್ಟ ಜೀಪಿಗೆ ಹಿಂದೆ ಇಳಿಬಾಗಿಲಿದ್ದರೆ, ಎರಡು ವಾಹನಗಳ ಮೈ ಸೇರಿಕೊಂಡಿದೆಯೋ, ಟಿಂಕರಿಂಗಿನವರ ಕೈ ಆಡಿದೆಯೋ, ಎರಡರಲ್ಲೊಂದು ನಡೆದಿರಲೇಬೇಕು. ಯುದ್ಧಜೀಪುಗಳ ಸ್ಟೀರಿಂಗ್ ಚಕ್ರ ಎಡಗಡೆಗಿದ್ದುದು. ಅದನ್ನು ಬಲಕ್ಕೆ ತಂದಿದ್ದರೆ, ಮುಂದಿನ ತಗಡಿನ ಗೋಡೆಯಲ್ಲಿ ಹಳೆಯ ರಂಧ್ರಕ್ಕೆ ಹಾಕಿದ ತೇಪೆ ಬೆರಳಿಗೆ ಸಿಕ್ಕೇ ಸಿಗುತ್ತದೆ.

ಇನ್ನೂ ಸೂಕ್ಷ್ಮವಾದುದು ಬೋಲ್ಟಿನ ತಲೆ. ವಾಹನದಡಿಯಲ್ಲಿ ಮಲಗಿ, ದಶಕಗಳ ಗ್ರೀಸು ಮತ್ತು ಎರೆಮಣ್ಣು ಕೂಡಿ ಕಲ್ಲಾದ ಪೊರೆಯನ್ನು ಸೀಮೆಎಣ್ಣೆಯ ಬಟ್ಟೆಯಿಂದ ಮೆತ್ತಗೆ ಒರಸಿದರೆ, ಷಟ್ಕೋನದ ತಲೆಯ ನಡುವೆ ಇಂಗ್ಲಿಷಿನ ಎಫ್ ಅಕ್ಷರ ಮೂಡಿಬರುವುದುಂಟು. ಅದು ಫೋರ್ಡಿನ ಗುರುತು. ಬೇರೆ ಕಂಪನಿಯವರ ಭಾಗ ಕೆಟ್ಟರೆ ಆ ಹೊಣೆ ತಮ್ಮ ಮೇಲೆ ಬರಬಾರದೆಂದು ಫೋರ್ಡಿನವರು ಸಣ್ಣಪುಟ್ಟ ಭಾಗಗಳ ಮೇಲೂ ತಮ್ಮ ಅಕ್ಷರವನ್ನು ಒತ್ತಿದರೆಂಬುದು ಇದಕ್ಕೆ ಸಾಮಾನ್ಯವಾಗಿ ಹೇಳುವ ಕಾರಣ. ಅಲ್ಲಿಯೇ ಮುಂದಕ್ಕೆ ಸರಿದು ಚಾಸಿಯ ಮುಂಭಾಗದ ಅಡ್ಡತೊಲೆಯನ್ನು ನೋಡಬೇಕು: ಅದು ದುಂಡನೆಯ ಕೊಳವೆಯಾಗಿದ್ದರೆ ವಿಲ್ಲೀಸು, ಬೋರಲಾದ ದೋಣಿಯಂತಿದ್ದರೆ ಫೋರ್ಡು. ಆದರೆ ಇಲ್ಲಿ ಆತುರ ಸಲ್ಲದು. ಎಫ್ ಅಕ್ಷರವುಳ್ಳ ಬೋಲ್ಟುಗಳನ್ನು ಈಗ ಹೊಸದಾಗಿಯೂ ಮಾಡಿ ಮಾರುತ್ತಾರೆ. ಸೈನ್ಯದ ದುರಸ್ತಿಶಾಲೆಗಳಲ್ಲಿಯೇ ಒಂದರ ಭಾಗ ಇನ್ನೊಂದಕ್ಕೆ ಸೇರಿದುದೂ ಉಂಟು. ಒಂದು ಅಕ್ಷರ ಒಂದು ಸಾಕ್ಷ್ಯವಷ್ಟೆ. ಅದರ ಸುತ್ತಣ ಸವೆತ, ತುಕ್ಕು, ಬಣ್ಣಗಳು ಅದೇ ಮಾತನ್ನು ಹೇಳುತ್ತವೆಯೆ ಎಂಬುದನ್ನು ನೋಡಿದ ಮೇಲೆಯೇ ನಿರ್ಣಯ.

ಈ ವಿಚಾರವನ್ನು ಮಸ್ಕಿಯ ಜನಕ್ಕೆ ವಿವರಿಸಬೇಕಾದ ಅಗತ್ಯವೇ ಇಲ್ಲ. ಬ್ರಾಹ್ಮೀ ಶಾಸನಗಳಲ್ಲಿ ಮಾತನಾಡುವ ದೇವಾನಾಂಪ್ರಿಯನು ಮೌರ್ಯ ಅಶೋಕನೇ ಎಂಬುದನ್ನು ಹತ್ತೊಂಬತ್ತನೆಯ ಶತಮಾನದ ವಿದ್ವಾಂಸರು ಸಿಂಹಳದ ವಂಶಕಥೆಗಳ ಆಧಾರದಿಂದ ಊಹಿಸಿದ್ದರು. 1915ರಲ್ಲಿ ಚಿನ್ನದ ಹಳೆಯ ಗಣಿಗಳನ್ನು ಅರಸುತ್ತಿದ್ದ ಇಂಜಿನಿಯರು ಸಿ. ಬೀಡನ್ ಅವರ ಕಣ್ಣಿಗೆ ಮಸ್ಕಿಯ ಬಂಡೆಯ ಬರಹ ಬಿದ್ದು, ಎಚ್. ಕೃಷ್ಣಶಾಸ್ತ್ರಿಗಳು ಅದನ್ನು ಓದಿ ಪ್ರಕಟಿಸಿದಾಗ, ಬಿರುದಿನೊಡನೆ ಅಶೋಕನೆಂಬ ಹೆಸರೂ ಅಲ್ಲಿ ದೊರೆಯಿತು. ಊಹೆಯು ಪ್ರಮಾಣವಾದುದು ಹಾಗೆ. ಆ ಬಂಡೆಯನ್ನು ಯಾರಾದರೂ ಸ್ವಚ್ಛಗೊಳಿಸುವ ಸದುದ್ದೇಶದಿಂದ ಉಜ್ಜಿಬಿಟ್ಟಿದ್ದರೆ ಏನಾಗುತ್ತಿತ್ತೆಂಬುದನ್ನು ನೆನೆದರೆ, ಹಳೆಯ ಚಾಸಿಗೆ ಗ್ರೈಂಡರ್ ಹಿಡಿಯುವ ಮುನ್ನ ಕೈ ತಡೆಯಬೇಕಾದುದೇಕೆಂಬುದು ಸ್ಪಷ್ಟವಾದೀತು.

ಅಂಬಾಸಿಡರಿನ ವಿಷಯದಲ್ಲಿ ಕೆಲಸ ಸುಲಭ. ಮುಖವನ್ನು ನೋಡಿದರೆ ಕಾಲ ತಿಳಿಯುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡಿನಿಂದ ಹುಟ್ಟಿ, ಕಲ್ಕತ್ತೆಯ ಬಳಿಯ ಉತ್ತರಪಾರಾದಲ್ಲಿ 1950ರ ದಶಕದ ಕೊನೆಯಿಂದ 2014ರವರೆಗೆ ತಯಾರಾದ ಈ ಕಾರಿಗೆ, 1962ರ ಎರಡನೆಯ ಮಾರ್ಕಿನಲ್ಲಿ ಚೌಕಳಿ ಜಾಲರಿ ಬಂದಿತು. 1975ರ ಮೂರನೆಯದರಲ್ಲಿ ಅಡ್ಡಪಟ್ಟಿಗಳು. 1979ರ ನಾಲ್ಕನೆಯದರಲ್ಲಿ ಮತ್ತೆ ಚೌಕಳಿ, ಅದರೊಡನೆ ಚೌಕನೆಯ ಪಾರ್ಕಿಂಗ್ ದೀಪ. ಆದರೆ ಜಾಲರಿಯನ್ನು ಬದಲಾಯಿಸುವುದು ಅರ್ಧ ಗಂಟೆಯ ಕೆಲಸವಾದುದರಿಂದ, ಬೇರೆಡೆಯಲ್ಲಿಯೂ ಆಧಾರವನ್ನು ಹುಡುಕಬೇಕಾಗುತ್ತದೆ. ಲೂಕಾಸ್ ಕಂಪನಿಯವರು ಡೈನಮೊ, ಸ್ವಿಚ್ಚು ಮುಂತಾದುವುಗಳ ಮೇಲೆ ತಯಾರಿಕೆಯ ತಿಂಗಳು, ವರ್ಷಗಳನ್ನು ಒತ್ತುತ್ತಿದ್ದರು. ಮದರಾಸಿನಲ್ಲಿ ಲೂಕಾಸ್-ಟಿವಿಎಸ್ ಸ್ಥಾಪಿತವಾದುದು 1961ರಲ್ಲಿಯಾದುದರಿಂದ, ಆ ಹೆಸರಿನ ಡೈನಮೊ 1958ರ ಕಾರಿನಲ್ಲಿದ್ದರೆ ಅದು ಹುಟ್ಟಿನಿಂದ ಬಂದುದಲ್ಲ. ಬ್ರಿಟಿಷ್ ಕಾರುಗಳ ಟ್ರಿಪ್ಲೆಕ್ಸ್ ಗಾಜಿನ ಮೂಲೆಯಲ್ಲಿ ಕೆತ್ತಿದ ಹೆಸರಿನ ಅಕ್ಷರಗಳಿಗೆ ಅಂಟಿಕೊಂಡ ಸಣ್ಣ ಚುಕ್ಕೆಗಳೂ ಹೀಗೆಯೇ ತಯಾರಿಕೆಯ ಕಾಲವನ್ನು ಸೂಚಿಸುತ್ತವೆ.

ಬಣ್ಣದ ವಿಷಯಕ್ಕೆ ಬಂದರೆ, ಹೊರಮೈಯನ್ನು ನಂಬುವಂತಿಲ್ಲ. ಬಾಗಿಲಿನ ರಬ್ಬರಿನ ಕೆಳಗೆ, ಡ್ಯಾಶ್‌ಬೋರ್ಡಿನ ಹಿಂದೆ, ನಂಬರ್ ಪ್ಲೇಟಿನ ಮರೆಯಲ್ಲಿ, ಎಂದರೆ ಬಿಸಿಲೂ ಪೇಂಟರನ ಬಂದೂಕೂ ತಲುಪದ ಸ್ಥಳಗಳಲ್ಲಿ, ಕಂಪನಿಯ ಬಣ್ಣ ಉಳಿದಿರುತ್ತದೆ. ಕಾಣದ ಮೂಲೆಯಲ್ಲಿ ಉಗುರಿನಗಲದ ಜಾಗವನ್ನು ನಯವಾದ ನೀರುಕಾಗದದಿಂದ ಉಜ್ಜುತ್ತ ಹೋದರೆ, ಮೇಲಿನ ಬಿಳಿ, ಅದರಡಿಯ ಹಸಿರು, ಅದರಡಿಯ ಬೂದು, ಕಟ್ಟಕಡೆಗೆ ಪ್ರೈಮರಿನ ಕೆಂಪು ಬಳೆಬಳೆಯಾಗಿ ತೆರೆದುಕೊಂಡು, ಒಡೆತನದ ಪರಂಪರೆಯೇ ಕಣ್ಣೆದುರು ಬರುತ್ತದೆ. 1920ರ ದಶಕದ ಉತ್ತರಾರ್ಧಕ್ಕೆ ಹಿಂದಿನ ಕಾರುಗಳಲ್ಲಿ ಕ್ರೋಮಿನ ನೀಲಿಛಾಯೆಯ ಹೊಳಪೇ ಇರಕೂಡದು. ಆಗಿನದು ನಿಕ್ಕಲು, ಅದರ ಕಾಂತಿಯಲ್ಲಿ ತುಸು ಹಳದಿ ಇರುತ್ತದೆ.

ಇನ್ನು ಹೆಚ್ಚುವರಿ ಸಾಧನಗಳು. ಕಾರ್ಖಾನೆಯವರೇ ಹೆಚ್ಚಿನ ಬೆಲೆಗೆ ಜೋಡಿಸಿಕೊಟ್ಟುದು, ಮಾರಾಟಗಾರರು ಜೋಡಿಸಿದುದು, ಒಡೆಯರು ಪೇಟೆಯಲ್ಲಿ ಕೊಂಡು ಹಾಕಿಸಿದುದು ಎಂದು ಇವುಗಳಲ್ಲಿ ಭೇದವುಂಟು. ಮೊದಲನೆಯದಕ್ಕೆ ರಂಧ್ರಗಳು ಅಚ್ಚುಕಟ್ಟಾಗಿ, ಬಣ್ಣಕ್ಕೆ ಮೊದಲೇ ಕೊರೆದಿರುತ್ತವೆ, ಕಡೆಯದಕ್ಕೆ ಬಣ್ಣವನ್ನು ಹರಿದುಕೊಂಡು ಡ್ರಿಲ್ಲು ಇಳಿದಿರುತ್ತದೆ. ಕಟ್ಟುನಿಟ್ಟಾದ ಪರೀಕ್ಷಕರು ಕಡೆಯದನ್ನು ಕಿತ್ತೆಸೆಯಬೇಕೆನ್ನುತ್ತಾರೆ. ನನಗೆ ಅದು ಪೂರ್ತಿಯಾಗಿ ಸಮ್ಮತವಲ್ಲ. ಜೀಪಿನ ಹಣೆಯ ಮೇಲೆ ಊರಿನ ಪೇಂಟರೊಬ್ಬನು ಕುಂಚದಿಂದ ಬರೆದ ಅಂಬಾದೇವಿಯ, ಗುರುಗುಂಟಾದ ಅಮರೇಶ್ವರನ, ಮಸ್ಕಿಯ ಮಲ್ಲಯ್ಯನ ಹೆಸರು ಅಮೆರಿಕದ ಕಾರ್ಖಾನೆಯದಲ್ಲ, ನಿಜ. ಆದರೆ ಆ ವಾಹನವು ಈ ನೆಲದಲ್ಲಿ ಬಾಳಿದುದಕ್ಕೆ ಅದಕ್ಕಿಂತ ಶುದ್ಧವಾದ ಪ್ರಮಾಣ ಯಾವುದು? ಅಂಥದನ್ನು ಆಗಂತುಕವೆಂದು ದಾಖಲಿಸಿ ಉಳಿಸಿಕೊಳ್ಳಬೇಕು. ಕಳೆದ ವರ್ಷ ಅಂಟಿಸಿದ ಪ್ಲಾಸ್ಟಿಕ್ಕಿನ ಕ್ರೋಮು ಪಟ್ಟಿಯನ್ನು ನಿರ್ದಾಕ್ಷಿಣ್ಯವಾಗಿ ತೆಗೆದುಹಾಕಬೇಕು.

ಈ ವಿವೇಚನೆಗೆ ಈಗ ಕಾನೂನಿನ ಬಲವೂ ಬಂದಿದೆ. 2021ರ ಜುಲೈಯಲ್ಲಿ ಕೇಂದ್ರ ಸರ್ಕಾರವು ಮೋಟಾರು ವಾಹನ ನಿಯಮಗಳಿಗೆ ತಂದ ತಿದ್ದುಪಡಿಯಂತೆ, ಮೊದಲ ನೋಂದಣಿಯಿಂದ 50 ವರ್ಷ ಮೀರಿದ, ಮೂಲರೂಪದಲ್ಲಿಯೇ ಇದ್ದು ಚಾಸಿ, ಮೈ, ಇಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟಾಗದ, ಸ್ವಂತ ಬಳಕೆಯ ದ್ವಿಚಕ್ರ ಹಾಗೂ ನಾಲ್ಕು ಚಕ್ರದ ವಾಹನಗಳಿಗೆ ವಿಂಟೇಜ್ ನೋಂದಣಿ ದೊರೆಯುತ್ತದೆ. ಹೊಸ ನೋಂದಣಿಗೆ 20,000 ರೂಪಾಯಿ, ನವೀಕರಣಕ್ಕೆ 5,000, ಅವಧಿ 10 ವರ್ಷ, ಫಲಕದ ಮೇಲೆ ವಿಎ ಎಂಬ ಪ್ರತ್ಯೇಕ ಅಕ್ಷರಗಳು. ಪೆಟ್ರೋಲಿನ ವೆಚ್ಚ ತಾಳಲಾರದೆ ಡೀಸೆಲ್ ಇಂಜಿನ್ನನ್ನು ಕೂರಿಸಿಕೊಂಡ ಜೀಪುಗಳಿಗೆ ಇದು ದೊಡ್ಡ ತೊಡಕು. ಹಳೆಯ ಇಂಜಿನ್ನು ಇನ್ನೂ ಹಿತ್ತಲಿನಲ್ಲಿದ್ದರೆ ಅದನ್ನು ಗುಜರಿಗೆ ತೂಕಕ್ಕೆ ಹಾಕಬಾರದೆಂದು ಒಡೆಯರಲ್ಲಿ ಕೈಮುಗಿದು ಕೇಳಿಕೊಳ್ಳುತ್ತೇನೆ.

ಕಣ್ಣನ್ನು ಪಳಗಿಸಿಕೊಳ್ಳಬೇಕೆನ್ನುವವರು ಧರ್ಮಸ್ಥಳದ ಮಂಜೂಷಾ ಸಂಗ್ರಹಾಲಯವನ್ನೂ, ಶ್ರೀರಂಗಪಟ್ಟಣದ ಸಮೀಪದ 'ಪಯಣ' ಕಾರು ಸಂಗ್ರಹಾಲಯವನ್ನೂ ನೋಡಬಹುದು. ಆದರೆ ಅಲ್ಲಿ ವಾಹನವನ್ನು ಮುಟ್ಟುವಂತಿಲ್ಲ. ಬೋಲ್ಟಿನ ತಲೆಯನ್ನು ಒರಸಿ ನೋಡುವ ವಿದ್ಯೆಯನ್ನು ಕಲಿಯಬೇಕಾದುದು ಸಿಂಧನೂರು, ಲಿಂಗಸುಗೂರುಗಳ ಗ್ಯಾರೇಜಿನಲ್ಲಿಯೇ. ಅಲ್ಲಿನ ಹಿರಿಯ ಮಿಸ್ತ್ರಿಗಳ ಜ್ಞಾನ ಬೆರಳ ತುದಿಯಲ್ಲಿದೆ, ಕಾಗದದ ಮೇಲಿಲ್ಲ. ಅವರ ಮಕ್ಕಳು ಹಿಡಿದಿರುವುದು ಬೇರೆ ವಾಹನಗಳ ಕೆಲಸವನ್ನು. ನಮ್ಮ ಐಟಿಐಗಳ ಮೆಕ್ಯಾನಿಕ್ ತರಗತಿಯ ವಿದ್ಯಾರ್ಥಿಗಳನ್ನು ಆ ಮಿಸ್ತ್ರಿಗಳೊಡನೆ ಕೂರಿಸಿ, ತಾಲೂಕಿನಲ್ಲಿ ಉಳಿದಿರುವ ಒಂದೊಂದು ಹಳೆಯ ಜೀಪಿನ ಜಾಲರಿ, ಅಡ್ಡತೊಲೆ, ಬೋಲ್ಟು, ಬಣ್ಣದ ಪದರಗಳನ್ನು ಅಳೆದು, ಛಾಯಾಚಿತ್ರ ತೆಗೆದು, ಯಾವುದು ಕಂಪನಿಯದು, ಯಾವುದು ಆಮೇಲಿನದು ಎಂಬುದನ್ನು ಕನ್ನಡದಲ್ಲಿ ಬರೆಸಿಡುವುದಕ್ಕೆ ಬೇಕಾಗುವ ಖರ್ಚು ಒಂದು ಬಾನೆಟ್ಟಿಗೆ ಬಣ್ಣ ಬಳಿಸುವ ಖರ್ಚಿಗಿಂತ ಹೆಚ್ಚಾಗಲಾರದು.